ಒಬ್ಬಾಕಿ ಬಿಟ್ಟರ ಏನಾಗ್ತದ?

ಬೆಂಗಳೂರಿಂದ ರಾಯಚೂರಿಗೆ ರಜಾಕ್ಕ ಬಂದಿರೋ ತಂಗಿ ಮಗಳು ಈಗ ವೀಗನ್. ಚಿಕನ್ ಅಷ್ಟ ಅಲ್ಲ, ಮೊಸರು, ಬೆಣ್ಣಿ ಸೈತ ಬಂದ್. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರೋ ಮನ್ಯಾಗ ಉಪವಾಸ ಬೀಳೋ ಮಾತಿಲ್ಲ ಬಿಡ್ರಿ. "ನೀ ಒಬ್ಬಾಕಿ ಬಿಟ್ಟರ ಕೋಳಿ ಫಾರ್ಮ್ ಮುಚ್ತಾವೇನವ್ವ?" ಅಂತ ನಮ್ಮಣ್ಣ ನಕ್ಕ.

ಮುಚ್ಚಂಗಿಲ್ಲ, ಖರೆ. ಆದ್ರ ಶ್ರಾವಣ ನೋಡ್ರಿ. ಯಾರೂ ಭಾಷಣ ಮಾಡಂಗಿಲ್ಲ, ಮನಿಮನ್ಯಾಗ ಒಬ್ಬೊಬ್ಬರು ಬಿಡ್ತಾರ, ಚಿಕನ್ ರೇಟು ಇಳೀತದ. ಬ್ರಾಯ್ಲರ್ ಮರಿ ಮಾರಾಟಕ್ಕ ಬರಾಕ ಸುಮಾರು ಆರು ವಾರ ಬೇಕು. ಅದಕ್ಕ ಫಾರ್ಮಿಗೆ ಮರಿ ಬಿಡೋವಾಗ ಶ್ರಾವಣದ ಲೆಕ್ಕ ಹಾಕ್ಲೇಬೇಕು.

ದಿಢೀರಂತ ಎಲ್ಲಾರೂ ಬಿಟ್ಟರ ಕಥಿ ಬ್ಯಾರೆ. 2020ರ ಮಾರ್ಚ್‌ನಾಗ ಕೋಳಿಯಿಂದ ಕೊರೊನಾ ಬರ್ತದ ಅನ್ನೋ ಸುಳ್ಳು ಸುದ್ದಿಗೇ ರೇಟು ನೆಲ ಕಚ್ಚಿತ್ತು, ನಮ್ಮ ರಾಜ್ಯದಾಗ ಜೀವಂತ ಕೋಳಿ ಹೂತಿದ್ದೂ ಉಂಟು. ಸಾಕಿದೋರೂ ಉಳೀಲಿಲ್ಲ, ಕೋಳೀನೂ ಉಳೀಲಿಲ್ಲ. ನಿಧಾನಕ್ಕ ಬೇಡಿಕಿ ಇಳಿದ್ರ ಮುಂದಿನ ಬ್ಯಾಚಿನಾಗ ಮರಿ ಕಮ್ಮಿ ಬೀಳ್ತಾವ. ಅದ್ರಾಗ ಈ ಹುಡುಗಿ ಪಾಲು ಎಷ್ಟು? ತಕ್ಕಡಿಗೆ ಸಿಗದಷ್ಟು ಸಣ್ಣದು, ಆದ್ರ ಸೊನ್ನಿ ಅಲ್ಲ ಅಂತ ನನಗನಸ್ತದ.

ನಾನಂತೂ ಶ್ರಾವಣ ಮುಗಿದ ಮೊದಲ ಐತವಾರ ಅಂಗಡಿ ಮುಂದ ಪಾಳಿ ಹಚ್ಚಾವನ.