ಆರ್ಕಿಡ್ ಬೇರಿನ ಫಂಗಸ್ಸಿಗೆ ಎಣ್ಣೆ ಹೊಡೆಯಬೇಕಾ?

ಕಲಬುರಗಿಯಲ್ಲಿ ಆರ್ಕಿಡ್ ಬೆಳೆಸ್ತೀನಿ ಅಂದರೆ ಜನ ನಗುತ್ತಾರೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು, ನಗಲಿ ಬಿಡಿ. ಹಸಿರು ನೆಟ್ ಕೆಳಗೆ, ಶಹಾಬಾದ್ ಫರ್ಸಿ ಮೇಲೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿಕೊಂಡು ನಮ್ಮ ಡೆಂಡ್ರೋಬಿಯಂ ಆರ್ಕಿಡ್‌ಗಳು ಚೆನ್ನಾಗಿಯೇ ಇವೆ.

ಮಳೆಗಾಲದ ಒಂದು ಭಾನುವಾರ ಕುಂಡ ಬದಲಾಯಿಸಲು ಕೂತಿದ್ದೆ. ತೊಗಟೆ ಚೂರಿಗೆ ಅಂಟಿದ್ದ ಬೇರಿನ ಮೇಲೆ ಬಿಳಿ ಎಳೆಗಳು ಕಂಡವು. ತೊಗರಿ ಬೆಳೆಯುವ ಪಕ್ಕದ ಮನೆ ಕಾಕಾ ಕಂಪೌಂಡ್ ಆಚೆಯಿಂದಲೇ ತೀರ್ಪು ಕೊಟ್ಟರು: "ಫಂಗಸ್ ಹತ್ಯಾದಲ್ಲೋ, ಎಣ್ಣಿ ಹೊಡಿ." ಬೇರು ಒತ್ತಿ ನೋಡಿದೆ, ಗಟ್ಟಿಯಾಗಿತ್ತು, ವಾಸನೆಯೂ ಇರಲಿಲ್ಲ. ಕೊಳೆತ ಬೇರು ಒತ್ತಿದರೆ ಪಿಚಕ್ ಅಂತ ನೀರು ಬರುತ್ತದೆ. ಹೀಗಿರುವಾಗ ಸುಮ್ನೆ ಯಾಕೆ ಔಷಧಿ?

ಸಸ್ಯಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಬಂದಿದ್ದಳು. "ತಡಿ ಮಾಮಾ, ಒಳಗ ಏನದ ನೋಡೋಣು" ಅಂತ ಬ್ಲೇಡಿನಿಂದ ಬೇರನ್ನು ತೆಳ್ಳಗೆ ಕೊಯ್ದು, ನೀಲಿ ಬಣ್ಣ ಹಾಕಿ, ತನ್ನ ಮೈಕ್ರೋಸ್ಕೋಪಿನಲ್ಲಿ ಇಟ್ಟಳು. ಹೊರಗೆ ನೀರು ಹೀರುವ ವೆಲಾಮೆನ್ ಅನ್ನುವ ಪದರ, ಎಲ್ಲ ಖಾಲಿ ಕೋಶಗಳು. ಅದರ ಒಳಗಿನ ಕೋಶಗಳಲ್ಲಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡ ಫಂಗಸ್! ಕೆಲವು ಉಂಡೆ ಹೊಸದು, ಕೆಲವು ಕುಗ್ಗಿ ಮುದ್ದೆಯಾಗಿದ್ದವು. ಅಂದರೆ ಒಳಗೆ ಬಂದ ಫಂಗಸ್ಸನ್ನು ಗಿಡವೇ ಅರಗಿಸಿಕೊಳ್ಳುತ್ತಿತ್ತು. ಡೆಂಡ್ರೋಬಿಯಂ ಬೇರಲ್ಲಿ ಜಾಸ್ತಿ ಸಿಗುವುದು ಟುಲಾಸ್ನೆಲ್ಲಾ ಅನ್ನುವ ಜಾತಿಯ ಫಂಗಸ್ ಅಂದಳು. ಗಾಳಿಯಲ್ಲಿ ಜೋತಾಡುತ್ತಿದ್ದ ಬೇರನ್ನೂ ಕೊಯ್ದೆವು. ಅದರಲ್ಲಿ ಒಂದೂ ಉಂಡೆ ಇಲ್ಲ, ಮೇಲ್ಗಡೆ ಮಾತ್ರ ನೀಲಿ ಹಸಿರು ಬ್ಯಾಕ್ಟೀರಿಯಾದ ಸರಗಳು.

ಬೇರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಇರುತ್ತವೆ, ಕೆಲವು ಬೇರು ಬೆಳೆಸುವ ಆಕ್ಸಿನ್ ಹಾರ್ಮೋನು ತಯಾರಿಸುತ್ತವೆ ಅಂತ ಅವಳು ಹೇಳುವಷ್ಟರಲ್ಲಿ ಕಾಕಾ ಒಳಗೇ ಬಂದಿದ್ದರು. ಬಿತ್ತುವ ಮುಂಚೆ ಬೆಲ್ಲದ ನೀರಲ್ಲಿ, ಬೇರಲ್ಲಿ ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾ ಕಲಸಿ ತೊಗರಿ ಬೀಜಕ್ಕೆ ಹಚ್ಚುವವರು ಅವರು. "ಹಂಗಾದ್ರ ನಮ್ಮ ತೊಗರಿ ಬೇರಿನ ಗಂಟಿನಂಗ?" ಅಂದರು. ರೈಜೋಬಿಯಂ ಆರ್ಕಿಡ್ ಬೇರಲ್ಲೂ ಸಿಗುತ್ತದೆ, ಆದರೆ ಗಂಟು ಕಟ್ಟುವುದಿಲ್ಲ. ಕಾಕಾ ಕೇಳಿದ್ದು ಒಳ್ಳೆಯ ಪ್ರಶ್ನೆ, ನನಗೇ ಹೊಳೆದಿರಲಿಲ್ಲ.

ಆರ್ಕಿಡ್ ಬೀಜ ಊದಿದರೆ ಹಾರಿಹೋಗುತ್ತದೆ, ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇಲ್ಲ. ಕಾಡಿನಲ್ಲಿ ಅದಕ್ಕೆ ಉಣಿಸುವುದು ಫಂಗಸ್. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ಕ್ನಡ್ಸನ್ ಸಕ್ಕರೆ ಬೆರೆಸಿದ, ಜೆಲ್ಲಿಯಂಥ ಅಗರ್ ಮೇಲೆ ಫಂಗಸ್ ಇಲ್ಲದೆಯೇ ಬೀಜ ಮೊಳೆಸಿ ತೋರಿಸಿದರು. ಈಗ ನರ್ಸರಿಯಲ್ಲಿ ಸಿಗುವ ಸಸಿಗಳು ಬಹಳಷ್ಟು ಹೀಗೆ ಶುದ್ಧ ಬಾಟಲಿಯಲ್ಲಿ ಹುಟ್ಟಿದವೇ. ಫಂಗಸ್ ಆಮೇಲೆ ಕುಂಡದ ತೊಗಟೆಯಿಂದಲೋ ತೆಂಗಿನ ಸಿಪ್ಪೆಯಿಂದಲೋ ತಾನಾಗಿ ಬರುತ್ತದೆ. ಬರದಿದ್ದರೂ ನಡೆಯುತ್ತದೆ, ಹಸಿರು ಎಲೆ ಇರುವ ದೊಡ್ಡ ಗಿಡ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಅಲ್ವಾ.

ಹಾಗಾಗಿ ಅಂಗಡಿಯವನು "ಆರ್ಕಿಡ್‌ಗೂ ನಡೀತದರೀ" ಅಂತ ದಾಟಿಸಿದ್ದ ವ್ಯಾಮ್ (ಬೇರಿಗೆ ನೆರವಾಗುವ ಒಂದು ಬಗೆಯ ಫಂಗಸ್) ಪುಡಿಯ ಪ್ಯಾಕೆಟ್ ಒಡೆಯಲಿಲ್ಲ. ಆ ಫಂಗಸ್ ತೊಗರಿ, ಜೋಳದ ಬೇರಿಗೆ ಒಗ್ಗುತ್ತದೆ, ಆರ್ಕಿಡ್‌ಗೆ ಬೇಕಾದ ಜಾತಿಯೇ ಬೇರೆ. ಗಟ್ಟಿ ಬೇರಿನ ಸುತ್ತಲಿದ್ದ ಹಳೇ ತೊಗಟೆ ಒಂದು ಹಿಡಿ ಹೊಸ ಕುಂಡಕ್ಕೆ ಹಾಕಿದೆ. ಪ್ಯಾಕೆಟ್ ಕಾಕಾ ಹೊಲಕ್ಕೆ ಒಯ್ದರು.