ಬೆಳಿಗ್ಗೆ ಮೊದಲು ಹೊರಗೆ ಹೋಗೋರು

ಶನಿವಾರ ಬೆಳಿಗ್ಗೆ ನೋಡಿದರೆ ಬೀನ್ಸ್ ಬಳ್ಳಿಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಅಮ್ಮ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಕೋಲು ನೆಟ್ಟು ಹಬ್ಬಿಸಿದ್ದ ಬಳ್ಳಿ. ಕೂತು ಒಂದು ದಂಟನ್ನು ಕೈಯಲ್ಲಿ ಹಿಡಿದು ನೋಡಿದೆ. ತುದಿ ನಾರುನಾರಾಗಿ ಹರಿದಿತ್ತು. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ, ಅದಕ್ಕೇ ಎಳೆದು ಹರಿಯುತ್ತದೆ. ಮೊಲ ತಿಂದಿದ್ದರೆ ಚಾಕುವಿನಲ್ಲಿ ಕೊಯ್ದ ಹಾಗೆ ಓರೆಯಾಗಿ ಇರುತ್ತಿತ್ತು.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದು ಎಲ್ಲರ ಗೋಳು. ಕೊಳೆತ ಮೊಟ್ಟೆ ವಾಸನೆಯ ಔಷಧಿ ಹೊಡೆದೆ, ಮಳೆಗೆ ತೊಳೆದು ಹೋಯಿತು. ಸೋಪು ಕಟ್ಟಿ ನೇತುಹಾಕಿದೆ, ಎರಡು ವಾರಕ್ಕೆ ಅಭ್ಯಾಸ ಮಾಡಿಕೊಂಡವು. ನಂಬಬಹುದಾದದ್ದು 8 ಅಡಿ ಬೇಲಿ ಒಂದೇ. ಗಿಡ್ಡ ಬೇಲಿಯನ್ನು ಈ ಬಿಳಿಬಾಲದ ಜಿಂಕೆ ಸುಲಭವಾಗಿ ಹಾರುತ್ತೆ.

ಆ ಬೇಲಿಗೆ ಬಲೆ ಕಟ್ಟುವಾಗ ಪಕ್ಕದ ಮನೆಯ ಅಜ್ಜಿ ಬಂದು ಕಂಬ ಹಿಡಿದುಕೊಂಡರು. ನಮ್ಮ ಕೊಡಗಿನಲ್ಲಿ ತೋಟಕ್ಕೆ ಆನೆ ಬರುತ್ತೆ ಅಂದೆ. ಹಲಸಿನ ವಾಸನೆಗೆ ಬರುತ್ತವೆ ಅಂತ ಕಾಯಿಯನ್ನು ಎಳೆಯದರಲ್ಲೇ ಕಡಿದು ಹಾಕುವುದು, ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ಬೇಲಿ, ಎಲ್ಲ ಹೇಳಿದೆ. ದಂತಕ್ಕೆ ಕರೆಂಟ್ ಹೊಡೆಯುವುದಿಲ್ಲ, ಹಾಗಾಗಿ ಕೆಲವು ಆನೆ ದಂತದಲ್ಲೇ ತಂತಿ ಕಿತ್ತು ಒಳಗೆ ಬರುತ್ತವೆ ಅಂದಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಊರಿನ ಆನೆ ಅಲ್ವಾ!

ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು. "ಆನೆ ಹೋಯ್ತೋ ಇಲ್ವೋ ಅಂತ ಬೆಳಿಗ್ಗೆ ಮೊದಲು ಹೊರಗೆ ಹೋಗಿ ನೋಡೋದು ಯಾರು?"

ನನಗೆ ಬಾಯಿ ಕಟ್ಟಿದ ಹಾಗಾಯಿತು.

ಸಿದ್ದಾಪುರದ ಕಡೆ ನಮ್ಮ ತೋಟ. ಮಂಜಿನಲ್ಲಿ ಹತ್ತಡಿ ಆಚೆಯ ರೊಬಸ್ಟಾ ಕಾಫಿ ಗಿಡವೂ ಕಾಣುತ್ತಿರಲಿಲ್ಲ. ನಾವು ಜಗಲಿಯ ಗ್ರಿಲ್ ಒಳಗೆ ಬೆಲ್ಲದ ಕಾಫಿ ಕುಡಿಯುತ್ತಾ ಇರುತ್ತಿದ್ದೆವು. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಎರವ ಬುಡಕಟ್ಟಿನ ಅಣ್ಣ ಒಂದು ಕತ್ತಿ ಹಿಡಿದು ಒಬ್ಬರೇ ತೋಟಕ್ಕೆ ಇಳಿಯುತ್ತಿದ್ದರು. ಲದ್ದಿ ಕಂಡರೆ ಕೂತು ಅಂಗೈ ಹತ್ತಿರ ಹಿಡಿಯುತ್ತಿದ್ದರು. ತಣ್ಣಗಿದ್ದರೆ "ಹೋಗಿದೆ" ಅಂತ ಕೂಗು. ಬಿಸಿ ಇದ್ದರೆ ಕೂಗದೆ ಮೆಲ್ಲಗೆ ವಾಪಸ್ ಬರೋರು. ಆ ಕೂಗು ಕೇಳಿದ ಮೇಲೇ ಅಜ್ಜ ನಮ್ಮನ್ನು ಸ್ಕೂಲಿಗೆ ಜೀಪು ಹತ್ತಿಸುತ್ತಿದ್ದದ್ದು. ಅವರ ಮಗಳು ನನ್ನ ಕ್ಲಾಸಿನವಳೇ. ಅವಳು ಅದೇ ತೋಟದ ದಾರಿಯಲ್ಲಿ ನಡೆದು ಬರುತ್ತಿದ್ದಳು. ಜೀಪಿನಲ್ಲಿ ಜಾಗ ಇತ್ತು. ಯಾಕೆ ಹತ್ತಿಸಲಿಲ್ಲ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಆನೆ ತುಳಿತಕ್ಕೆ ತೋಟದ ಕಾರ್ಮಿಕ ಬಲಿ ಅನ್ನೋ ಸುದ್ದಿಯನ್ನು ಇಲ್ಲಿ ಕೂತು ಎಷ್ಟು ಸಲ ಓದಿದ್ದೇನೆ! ಎಷ್ಟೋ ಸಲ ಅವರು ಬೆಳಿಗ್ಗೆ ಕೆಲಸಕ್ಕೆ ಹೊರಟವರೇ. ನಾವು ನೆಂಟರು ಸೇರಿದಾಗ ಮಾತಾಡೋದು ಮಾತ್ರ ಎಷ್ಟು ಕಾಫಿ ಗಿಡ ಮುರಿಯಿತು, ಪರಿಹಾರ ಯಾವಾಗ ಬರುತ್ತೆ ಅಂತ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಈಗ ಬೆಳಿಗ್ಗೆ ನೋಡೋಕೆ ಹೋಗೋದು ಯಾರು ಅಂದೆ.

"ಅವನ ಮಗ."

"ಅಪ್ಪ, ಬೆಳಕು ಹರಿದ ಮೇಲೆ ಕೆಲಸ ಶುರು ಮಾಡಿಸಿ. ಲೈನ್ ಮನೆ ಮಕ್ಕಳನ್ನೂ ಜೀಪಿಗೆ ಹತ್ತಿಸಿ."

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆ ಕಡೆ ಜೀರುಂಡೆ ಸದ್ದು ಕೇಳುತ್ತಿತ್ತು.

"ನಾಳೆ ಡ್ರೈವರ್‌ಗೆ ಹೇಳ್ತೀನಿ ಮಗ" ಅಂದರು.