ಬೇಬ್ ರೂತ್ ಬೇಸ್‌ಬಾಲಿನ ಬ್ರಾಡ್ಮನ್ ಅಲ್ಲ, ಸ್ವಾಮಿ

"ಬೇಬ್ ರೂತ್ ಅಂದ್ರೆ ಬೇಸ್‌ಬಾಲಿನ ಬ್ರಾಡ್ಮನ್ ತಾನೇ?"

ಬೇಸ್‌ಬಾಲ್ ಹೆಸರೆತ್ತಿದರೆ ನಮ್ಮ ಕ್ರಿಕೆಟ್ ಮಂದಿ ಕೇಳುವುದು ಇದೊಂದೇ. ಕೇಳುವುದು ಅಂತಲೂ ಅಲ್ಲ. ಆ 'ತಾನೇ' ಇದೆಯಲ್ಲ, ಅದರಲ್ಲಿ ಉತ್ತರವೂ ಅವರದೇ. ನಾವು ಹೂಂ ಅಂದರೆ ಸಾಕು. ಇಷ್ಟು ವರ್ಷ ಹೂಂ ಅಂದದ್ದಾಯಿತು, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅಲ್ಲ. ಇಬ್ಬರೂ 1932ರಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಭೇಟಿಯಾದದ್ದು ನಿಜ. ಹೋಲಿಕೆ ಅಲ್ಲಿಗೆ ಮುಗಿಯಿತು. ಬ್ರಾಡ್ಮನ್ ಟೆಸ್ಟ್‌ಗಳಲ್ಲಿ 6,996 ರನ್ ಹೊಡೆದ. ಅದರಲ್ಲಿ ಸಿಕ್ಸರ್ ಎಷ್ಟು? ಆರು. ಅಚ್ಚಿನ ತಪ್ಪಲ್ಲ, ಆರೇ. ಚೆಂಡು ನೆಲ ಬಿಟ್ಟು ಏಳದಂತೆ ಆಡಿದ ಮಹಾಶಯನ ಹೆಸರನ್ನು 714 ಹೋಂ ರನ್ (ಚೆಂಡನ್ನು ಬೇಲಿಯಾಚೆ ಹಾರಿಸುವ ಹೊಡೆತ) ಹೊಡೆದ ಅಮೆರಿಕದ ರೂತ್‌ಗೆ ಬಿರುದಾಗಿ ಕೊಡುವುದು ಎಂಥ ನ್ಯಾಯ?

ಈ ವ್ಯತ್ಯಾಸದ ಬುಡ ಇರುವುದು ಔಟ್‌ನ ಬೆಲೆಯಲ್ಲಿ. ಕ್ರಿಕೆಟಿನಲ್ಲಿ ಔಟಾದರೆ ಪ್ಯಾಡ್ ಬಿಚ್ಚಿಟ್ಟು ಕೂರಬೇಕು. ಬೇಸ್‌ಬಾಲಿನಲ್ಲಿ ತಂಡಕ್ಕೆ ಒಂಬತ್ತು ಇನಿಂಗ್ಸ್, ಇನಿಂಗ್ಸಿಗೆ ಮೂರರಂತೆ 27 ಔಟ್. ಔಟಾದವನು ಉಳಿದ ಎಂಟು ಜನರ ಸರದಿ ಮುಗಿದ ಮೇಲೆ ಮತ್ತೆ ಬರುತ್ತಾನೆ, ಪಂದ್ಯಕ್ಕೆ ಹೆಚ್ಚುಕಡಿಮೆ ನಾಲ್ಕು ಸಲ. ಒಂದು ಸಲ ಗಾಳಿಗೆ ಬೀಸಿ ಸ್ಟ್ರೈಕ್‌ಔಟ್ (ಮೂರು ಎಸೆತ ತಪ್ಪಿ ಔಟ್) ಆದರೆ ಮನೆ ಮುಳುಗುವುದಿಲ್ಲ. ಆದರೂ ಆಗಿನವರು ಹಾಗೆ ಆಡುತ್ತಿರಲಿಲ್ಲ. ಟೈ ಕಾಬ್‌ನಂಥ ಜಾಣರು ಎರಡು ಕೈಗಳ ನಡುವೆ ಜಾಗ ಬಿಟ್ಟು ಬ್ಯಾಟ್ ಹಿಡಿದು, ಫೀಲ್ಡರ್ ಇಲ್ಲದ ಕಡೆ ಚೆಂಡು ತಳ್ಳಿ ಓಡುತ್ತಿದ್ದರು. ಸ್ಟ್ರೈಕ್‌ಔಟ್ ಆಗುವುದೆಂದರೆ ಮಾನ ಹೋದಂತೆ.

ರೂತ್ ಹಿಡಿಕೆಯ ತಳಕ್ಕೇ ಕೈ ಇಳಿಸಿದ. ಬ್ಯಾಟಿನ ತೂಕ 40 ಔನ್ಸ್‌ಗಿಂತ ಹೆಚ್ಚು, ಅಂದರೆ 1.13 ಕೆ.ಜಿ. ಮೇಲೆ. ಈಗಿನವರದು 900 ಗ್ರಾಂ ಆಸುಪಾಸು. "ನಮ್ಮ ಕ್ರಿಕೆಟ್ ಬ್ಯಾಟೂ ಅಷ್ಟೇ ತೂಗುತ್ತಲ್ಲ" ಅನ್ನಬೇಡಿ. ನಿಮ್ಮದು 10.8 ಸೆಂ.ಮೀ. ಅಗಲದ ಚಪ್ಪಟೆ ಹಲಗೆ. ಇದು ಉರುಟು ದೊಣ್ಣೆ, ಅತಿ ದಪ್ಪ ಜಾಗದಲ್ಲೂ 7 ಸೆಂ.ಮೀ. ದಾಟುವಂತಿರಲಿಲ್ಲ. ಚೆಂಡಿನ ಅಡಿಗೆ ಒಂಚೂರು ಹೆಚ್ಚು ತಾಗಿದರೆ ಅದು ನೆಟ್ಟಗೆ ಆಕಾಶಕ್ಕೆ ಹೋಗಿ ಫೀಲ್ಡರ್ ಕೈಗೆ ಬೀಳುತ್ತದೆ. ಚೆಂಡಿನ ನೆತ್ತಿಗೆ ತಾಗಿದರೆ ನೆಲಕ್ಕೆ ಬಡಿದು ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್ ಕಡೆ ಉರುಳುತ್ತದೆ.

ಅವನ ಬೀಸು ತುಸು ಕೆಳಗಿನಿಂದ ಮೇಲಕ್ಕೆ. ಚೆಂಡು ಎಸೆಯುವ ಪಿಚರ್ ನಿಲ್ಲುವುದು ದಿಬ್ಬದ ಮೇಲೆ, ಎಸೆತ ಬ್ಯಾಟಿನ ಹತ್ತಿರ ಬರುವಾಗ ಕೆಳಗಿಳಿಯುತ್ತಿರುತ್ತದೆ. ಬ್ಯಾಟನ್ನು ನೆಲಕ್ಕೆ ಸಮವಾಗಿ ಬೀಸಿದರೆ ಎರಡರ ದಾರಿಯೂ ಕೂಡುವುದು ಒಂದೇ ಬಿಂದುವಿನಲ್ಲಿ. ಮೇಲ್ಮುಖವಾಗಿ ಬೀಸಿದರೆ ಬ್ಯಾಟು ಚೆಂಡು ಬಂದ ದಾರಿಯಲ್ಲೇ ಎದುರು ಹೋಗುತ್ತದೆ. ಗಳಿಗೆ ಆಚೀಚೆ ಆದರೂ ಸಿಗುತ್ತದೆ, ಸಿಕ್ಕರೆ ಎತ್ತರಕ್ಕೆ ಹೋಗುತ್ತದೆ. ಚೆಂಡು ಬ್ಯಾಟಿನಿಂದ ಮೇಲೇಳುವ ಕೋನಕ್ಕೆ ಈಗ ಲಾಂಚ್ ಆ್ಯಂಗಲ್ ಅಂತ ಹೆಸರಿಟ್ಟು ಕ್ಯಾಮೆರಾದಲ್ಲಿ ಅಳೆಯುತ್ತಾರೆ. ಗಂಟೆಗೆ 98 ಮೈಲಿ ವೇಗದಲ್ಲಿ, 26ರಿಂದ 30 ಡಿಗ್ರಿ ಕೋನದಲ್ಲಿ ಹೊರಟರೆ ಅದು 'ಬ್ಯಾರೆಲ್', ಚಿನ್ನದಂಥ ಹೊಡೆತ.

1919ರಲ್ಲಿ ರೂತ್ ಬಾಸ್ಟನ್ ಪರ 29 ಹೋಂ ರನ್ ಹೊಡೆದ, ಒಂದು ವರ್ಷಕ್ಕೆ ಆಗಿನ ದಾಖಲೆ. ಮರುವರ್ಷ ಯಾಂಕೀಸ್‌ಗೆ ಬಂದು 54. ಅಮೆರಿಕನ್ ಲೀಗಿನಲ್ಲಿ ಎರಡನೆಯವನದು 19. ಆ ಲೀಗಿನ ಬೇರೆ ಯಾವ ತಂಡವೂ, ಇಡೀ ತಂಡ ಕೂಡಿ, 54 ಹೊಡೆದಿರಲಿಲ್ಲ. "ಚೆಂಡಿನ ಮಹಿಮೆ" ಅನ್ನುವವರು ಇಲ್ಲೂ ಮೂಗು ತೂರಿಸುತ್ತಾರೆ. 1920ರಲ್ಲಿ ಉಗುಳು ಹಚ್ಚಿ ಎಸೆಯುವುದನ್ನು ನಿಷೇಧಿಸಿದ್ದು ಹೌದು. ಅದೇ ಆಗಸ್ಟಿನಲ್ಲಿ ತಲೆಗೆ ಚೆಂಡು ಬಡಿದು ಆಟಗಾರ ರೇ ಚಾಪ್ಮನ್ ಸತ್ತ ಮೇಲೆ ಕೊಳೆಯಾದ ಚೆಂಡನ್ನು ಬೇಗ ಬದಲಿಸತೊಡಗಿದ್ದೂ ಹೌದು. ಆದರೆ 29 ಬಂದದ್ದು ಅದಕ್ಕೂ ಮೊದಲು. ಆ 19ರವನು ಆಡಿದ್ದೂ ಅದೇ ಚೆಂಡಿನಲ್ಲಿ.

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಈ ಬೀಸನ್ನು ಅವನಿಗೆ ತಿದ್ದದೆ ಬಿಟ್ಟವರು ಯಾರು? ಉತ್ತರ ಸರಳ. ಅವನು ಪಿಚರ್. ಎಡಗೈ, 94 ಗೆಲುವು. 1916ರಲ್ಲಿ ಒಂಬತ್ತು ಇನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟದ್ದು, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, 1.75 ರನ್. ಹನ್ನೊಂದನೆಯವನಾಗಿ ಇಳಿದ ಬೌಲರ್ ಕಣ್ಣುಮುಚ್ಚಿ ಬೀಸಿದರೆ ಯಾರು ಬೈಯುತ್ತಾರೆ? ಬೇರೆ ಹುಡುಗ ಹಾಗೆ ಬೀಸಿದ್ದರೆ ಮೊದಲ ತಿಂಗಳೇ ಕೈ ಹಿಡಿದು ತಿದ್ದಿರುತ್ತಿದ್ದರು. ಪಿಚರ್ ಬೀಸಿದರೆ ಬೀಸಿಕೊಳ್ಳಲಿ ಬಿಡಿ. ಬ್ಯಾಟಿಂಗಿಗೇ ಅವನನ್ನು ಹೆಚ್ಚಾಗಿ ಬಳಸತೊಡಗುವ ಹೊತ್ತಿಗೆ ತಿದ್ದುವ ಧೈರ್ಯ ಯಾರಿಗಿರುತ್ತದೆ? ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಈಗಿನ ಒಹ್ತಾನಿಯನ್ನು ಹೊಸ ರೂತ್ ಅನ್ನುವವರು ಎರಡೂ ಕೆಲಸದ ಅಂಕಿ ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಒಂದು ಕೆಲಸ ಇನ್ನೊಂದನ್ನು ಕಾಪಾಡಿತು ಅನ್ನುವುದು ತಲೆಗೇ ಹೋಗುವುದಿಲ್ಲ.

ಅಂಕಿಗಳ ವಿಷಯಕ್ಕೆ ಬಂದರೂ ಬ್ರಾಡ್ಮನ್ ಹೋಲಿಕೆ ನಿಲ್ಲುವುದಿಲ್ಲ. ಅವನ ಟೆಸ್ಟ್ ಸರಾಸರಿ 99.94ರ ಹತ್ತಿರ ಇವತ್ತಿಗೂ ಯಾರಿಲ್ಲ. ರೂತ್ 1927ರಲ್ಲಿ ಒಂದೇ ವರ್ಷ ಹೊಡೆದ 60 ಹೋಂ ರನ್ ಅನ್ನು 1961ರಲ್ಲಿ ರೋಜರ್ ಮ್ಯಾರಿಸ್ ದಾಟಿದ, 714 ಅನ್ನು 1974ರಲ್ಲಿ ಹ್ಯಾಂಕ್ ಆರನ್. ಸ್ಲಗಿಂಗ್, ಅಂದರೆ ಹೊಡೆತಗಳಿಂದ ಗಳಿಸಿದ ಬೇಸ್‌ಗಳನ್ನು (ಓಡಿ ಮುಟ್ಟುವ ಠಾಣೆಗಳನ್ನು) ಸರದಿಗಳಿಂದ ಭಾಗಿಸಿದ ಲೆಕ್ಕದಲ್ಲಿ ರೂತ್‌ನ .690 ಬಹುಕಾಲ ಎಲ್ಲರಿಗಿಂತ ಮೇಲಿತ್ತು. 2024ರಲ್ಲಿ ಕಪ್ಪು ಆಟಗಾರರ ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ ಜಾಶ್ ಗಿಬ್ಸನ್‌ನ .718 ಮೇಲೆ ಬಂತು. ಗಿಬ್ಸನ್‌ನಂಥವರನ್ನು ರೂತ್‌ನ ಲೀಗಿನೊಳಗೆ ಬಿಟ್ಟುಕೊಂಡಿರಲಿಲ್ಲ. 'ಸಾರ್ವಕಾಲಿಕ ಶ್ರೇಷ್ಠ' ಅನ್ನುವವರು ಇದನ್ನು ನುಂಗಿ ಹಾಕುತ್ತಾರೆ.

ಉಳಿದದ್ದು ಆ ಬೀಸು. ಅದರ ಕಾಯಿಲೆಯೂ ಉಳಿದಿದೆ: 2018ರಲ್ಲಿ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಮೊದಲ ಬಾರಿಗೆ ಹಿಟ್‌ಗಳಿಗಿಂತ (ಬೇಸ್ ಗಿಟ್ಟಿಸಿದ ಹೊಡೆತಗಳಿಗಿಂತ) ಸ್ಟ್ರೈಕ್‌ಔಟ್‌ಗಳೇ ಹೆಚ್ಚಾದವು. ಅದಕ್ಕೂ ರೂತ್‌ನನ್ನೇ ಬೈಯುವವರಿದ್ದಾರೆ. ಅವನು ಯಾವ ವರ್ಷವೂ ನೂರು ಸಲ ಸ್ಟ್ರೈಕ್‌ಔಟ್ ಆದವನಲ್ಲ. ಅತಿ ಹೆಚ್ಚೆಂದರೆ 93, 1923ರಲ್ಲಿ. ಅದೇ ವರ್ಷ ಕೆಟ್ಟ ಎಸೆತಗಳಿಗೆ ಬ್ಯಾಟನ್ನೇ ಎತ್ತದೆ 170 ವಾಕ್ ಗಿಟ್ಟಿಸಿ, ಆರಾಮವಾಗಿ ನಡೆದುಕೊಂಡು ಮೊದಲ ಬೇಸ್ ಸೇರಿದ.